ಹಾಸ್ಟೆಲ್ ಕೋಣೆಯಲ್ಲಿ ಕೊಲೆ ಕೇಸು: ಟ್ರೂ ಕ್ರೈಂ ಪಾಡ್‌ಕಾಸ್ಟ್ ಕೇಳುವ ವಿದ್ಯಾರ್ಥಿಗೆ ಸಿಗುವುದೇನು, ತಪ್ಪುವುದೇನು

ನಿಜ ಅಪರಾಧಗಳ ಕಥೆಯನ್ನು ಕಂತುಗಳಲ್ಲಿ ಕೇಳಿಸುವ, ಜಗತ್ತಿನ ಮನೆಮಾತಾದ ಟ್ರೂ ಕ್ರೈಂ ಪಾಡ್‌ಕಾಸ್ಟ್‌ಗಳಲ್ಲಿ ಸತ್ತವರ ವಯಸ್ಸು ನೋಡಿ. ಅವರಲ್ಲಿ ಎಷ್ಟೋ ಮಂದಿ ವಿದ್ಯಾರ್ಥಿಗಳು. 1996ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಪಾರ್ಟಿ ಮುಗಿಸಿ ಹಾಸ್ಟೆಲ್ ಕಡೆಗೆ ಹೊರಟವಳು ಕೋಣೆ ತಲುಪಲಿಲ್ಲ; ಶವವೂ ಸಿಗಲಿಲ್ಲ. 1999ರ ಜನವರಿಯಲ್ಲಿ ಬಾಲ್ಟಿಮೋರ್ ಬಳಿಯ ವುಡ್‌ಲಾನ್ ಹೈಸ್ಕೂಲಿನ ಹುಡುಗಿ ಶಾಲೆ ಬಿಟ್ಟ ಮೇಲೆ ಕಾಣೆಯಾದಳು. ಕೆಲವು ವಾರಗಳ ನಂತರ ಶವ ಸಿಕ್ಕಿತು. 2022ರ ನವೆಂಬರ್ 13ರ ನಸುಕಿನಲ್ಲಿ ಐಡಹೊ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಬಾಡಿಗೆ ಮನೆಯಲ್ಲೇ ಕೊಲೆಯಾದರು. ಈ ಮೂರೂ ಪ್ರಕರಣಗಳನ್ನು ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿರುವವರಲ್ಲಿ ಬಹಳ ಮಂದಿ ಅದೇ ವಯಸ್ಸಿನವರು, ಅದೇ ಬಗೆಯ ಪಿಜಿ, ಹಾಸ್ಟೆಲ್‌ಗಳಲ್ಲಿ ಇರುವವರು. 'ಇದು ನನಗೂ ಆಗಬಹುದಿತ್ತು' ಎಂಬ ನಡುಕವೇ ಅವರನ್ನು ಹಿಡಿದು ಕೂರಿಸುವ ಮೊದಲ ಕೊಕ್ಕೆ.

ಈ ಹವ್ಯಾಸವನ್ನು ಬೈಯುವುದು ಸುಲಭ. 'ಓದೋದು ಬಿಟ್ಟು ಕೊಲೆ ಸುಲಿಗೆ ಕೇಳ್ತಾ ಕೂತಿದ್ದೀಯಲ್ಲ' ಎನ್ನುವ ಅಮ್ಮಂದಿರ ಮಾತಿನಲ್ಲಿ ಹುರುಳಿಲ್ಲ ಎಂದೂ ಹೇಳಲಾರೆ. ಆದರೆ ಕೊಲೆಯ ಕಥೆ ಕೇಳಿದವರು ಕೆಟ್ಟುಹೋಗುತ್ತಾರೆ ಎಂಬ ಆತಂಕ ನನ್ನದಲ್ಲ. ಈ ಪಾಡ್‌ಕಾಸ್ಟ್‌ಗಳು 'ಯಾರು ಮಾಡಿದರು' ಎಂದು ಕೇಳುವುದನ್ನು ಚೆನ್ನಾಗಿ ಕಲಿಸುತ್ತವೆ. 'ಅದು ಹೇಗೆ ಗೊತ್ತಾಯಿತು, ಯಾರು ಬರೆದಿಟ್ಟರು, ಯಾವ ದಿನ ಬರೆದರು' ಎಂದು ಕೇಳುವುದನ್ನು ಮಾತ್ರ ಅಪರೂಪಕ್ಕೆ ಕಲಿಸುತ್ತವೆ. ನ್ಯಾಯ ನಿಂತಿರುವುದು ಈ ಎರಡನೆಯ ಬಗೆಯ ಪ್ರಶ್ನೆಗಳ ಮೇಲೆ.

ಈ ಅಲೆ ಎಬ್ಬಿಸಿದ್ದು 2014ರ ಅಕ್ಟೋಬರ್ 3ರಂದು ಶುರುವಾದ 'ಸೀರಿಯಲ್'. ಪತ್ರಕರ್ತೆ ಸಾರಾ ಕೋನಿಗ್ 12 ಕಂತುಗಳಲ್ಲಿ ಬಾಲ್ಟಿಮೋರಿನ ಆ ಪ್ರಕರಣವನ್ನೇ ಮತ್ತೆ ಬಿಚ್ಚಿದರು. ಸತ್ತ ಹುಡುಗಿ ಹೇ ಮಿನ್ ಲೀ. ಜೀವಾವಧಿ ಶಿಕ್ಷೆಗೆ ಗುರಿಯಾದವನು ಅವಳ ಮಾಜಿ ಗೆಳೆಯ, ಅದೇ ಶಾಲೆಯ ಅದ್ನಾನ್ ಸೈಯದ್. ಆಗ ಅವನಿಗೆ ಹದಿನೇಳು. ಮೊದಲ ಕಂತು ತೆರೆದುಕೊಳ್ಳುವುದೇ ಹದಿಹರೆಯದವರಿಗೆ ಹಾಕುವ ಒಂದು ಪ್ರಶ್ನೆಯಿಂದ: ಕೆಲವು ವಾರಗಳ ಹಿಂದಿನ ಒಂದು ದಿನ ನೀನು ಎಲ್ಲಿದ್ದೆ, ಏನು ಮಾಡುತ್ತಿದ್ದೆ? ಯಾರಿಗೂ ಸರಿಯಾಗಿ ನೆನಪಿಲ್ಲ. ನೆನಪೆಂಬುದು ಎಷ್ಟು ಸಡಿಲ ಎಂದು ವಿದ್ಯಾರ್ಥಿಗೆ ಮನವರಿಕೆ ಮಾಡಲು ಇದಕ್ಕಿಂತ ಚೆನ್ನಾದ ಪಾಠ ನನಗೆ ಗೊತ್ತಿಲ್ಲ. ಮೊಬೈಲ್ ಟವರ್ ದಾಖಲೆ ಎಂದರೇನು, ಮುಖ್ಯ ಸಾಕ್ಷಿಯೊಬ್ಬನ ಹೇಳಿಕೆ ಸಲದಿಂದ ಸಲಕ್ಕೆ ಬದಲಾದರೆ ಏನಾಗುತ್ತದೆ ಎಂಬುದನ್ನೆಲ್ಲ ಲಕ್ಷಾಂತರ ಜನ ಮೊದಲ ಸಲ ಕೇಳಿದ್ದು ಅಲ್ಲಿ. ಅಮೆರಿಕದ ಪ್ರಸಾರ ಮಾಧ್ಯಮಗಳಿಗೆ ಕೊಡುವ ಪೀಬಡಿ ಪ್ರಶಸ್ತಿ ಪಡೆದ ಮೊದಲ ಪಾಡ್‌ಕಾಸ್ಟ್ ಕೂಡ ಅದೇ.

ಕೋನಿಗ್ ತಂದ ದೊಡ್ಡ ಬದಲಾವಣೆ ನಿರೂಪಣೆಯಲ್ಲಿದೆ. ಅವರು ತನಿಖೆ ಮುಗಿಸಿ ಬಂದು ವರದಿ ಒಪ್ಪಿಸಲಿಲ್ಲ. ವಾರವಾರ ತಮ್ಮ ಅನುಮಾನವನ್ನೇ ಕಥೆಯಾಗಿಸಿದರು. ಒಂದು ವಾರ ಅವನು ನಿರಪರಾಧಿ ಅನ್ನಿಸುತ್ತದೆ, ಮುಂದಿನ ವಾರ ಅಲ್ಲ ಅನ್ನಿಸುತ್ತದೆ. ಕೇಳುವವರೂ ಅವರ ಜೊತೆ ತೂಗುತ್ತಾರೆ. ಕಿವಿಯೊಳಗೇ ಮಾತಾಡುವ ಒಂದು ದನಿಯನ್ನು ಗಂಟೆಗಟ್ಟಲೆ ಕೇಳಿದ ಮೇಲೆ ಆ ದನಿ ಗೆಳತಿಯದಾಗಿಬಿಡುತ್ತದೆ. ಅವಳ ಅನುಮಾನ ನಮ್ಮದೇ ತೀರ್ಮಾನದಂತೆ ಅನ್ನಿಸತೊಡಗುತ್ತದೆ. ಮುದ್ರಿತ ವರದಿಯಾದರೆ ಹಿಂದಿನ ಪುಟಕ್ಕೆ ಕಣ್ಣು ಹಾಯಿಸಿ ತಾಳೆ ನೋಡುತ್ತೇವೆ. ಕೇಳುವಾಗ ಹಿಂದಕ್ಕೆ ಎಳೆದು ಮತ್ತೆ ಕೇಳುವವರು ಎಷ್ಟು ಮಂದಿ?

ಆ ಪ್ರಕರಣ ಮುಂದೆ ಹಿಡಿದ ದಾರಿ ಪಾಡ್‌ಕಾಸ್ಟ್‌ಗಿಂತ ಹೆಚ್ಚು ಕಲಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ಶಿಕ್ಷೆ ರದ್ದಾಗಿ ಸೈಯದ್ ಹೊರಬಂದರು. ಅಕ್ಟೋಬರಿನಲ್ಲಿ ಆರೋಪಗಳನ್ನೂ ಕೈಬಿಟ್ಟರು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ಅಳಿಸಿ ಹಳೆಯ ಶಿಕ್ಷೆಯನ್ನು ಮರಳಿ ತಂದಿತು, 2024ರ ಆಗಸ್ಟಿನಲ್ಲಿ ಮೇರಿಲ್ಯಾಂಡ್ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾರಣವಾದದ್ದು ಹೊಸ ಸಾಕ್ಷ್ಯವಲ್ಲ, ಒಂದು ನೋಟಿಸು. ಶಿಕ್ಷೆ ರದ್ದುಪಡಿಸುವ ವಿಚಾರಣೆಯ ಬಗ್ಗೆ ಸತ್ತವಳ ತಮ್ಮನಿಗೆ ಸಾಕಷ್ಟು ಮುಂಚೆ ತಿಳಿಸಿರಲಿಲ್ಲ. ಖುದ್ದಾಗಿ ಹಾಜರಾಗುವ ಅವಕಾಶ ಅವರಿಗೆ ಸಿಗಲಿಲ್ಲ, ಆನ್‌ಲೈನಿನಲ್ಲಿ ಮಾತನಾಡಬೇಕಾಯಿತು. 'ನನಗೆ ಇದು ಪಾಡ್‌ಕಾಸ್ಟ್ ಅಲ್ಲ, ನಿಜವಾದ ಬದುಕು' ಎಂದು ಅವರು ಆ ದಿನ ನ್ಯಾಯಾಲಯದಲ್ಲಿ ಹೇಳಿದರು. 12 ಕಂತುಗಳಲ್ಲಿ ದನಿಯೇ ಇಲ್ಲದಿದ್ದ ಕುಟುಂಬ ಕೊನೆಗೆ ಕೋರ್ಟಿನಲ್ಲಿ ತನ್ನ ದನಿಯನ್ನು ಹಕ್ಕಾಗಿ ಪಡೆಯಿತು. 2025ರ ಮಾರ್ಚಿನಲ್ಲಿ ನ್ಯಾಯಾಧೀಶರು ಶಿಕ್ಷೆಯನ್ನು ಅನುಭವಿಸಿದಷ್ಟಕ್ಕೆ ಇಳಿಸಿದರು. ಇಂದು ಸೈಯದ್ ಹೊರಗಿದ್ದಾರೆ, ಅಪರಾಧಿ ಎಂಬ ತೀರ್ಪು ಹಾಗೇ ಇದೆ. 'ಮಾಡಿದನೋ ಇಲ್ಲವೋ' ಎಂದು ಹತ್ತು ವರ್ಷ ಕಾದ ಕೇಳುಗರಿಗೆ ಇದು ಸಪ್ಪೆ ಅನ್ನಿಸಬಹುದು. ಕಾನೂನು ಓದುವವರಿಗೆ ಮಾತ್ರ ಹಬ್ಬ.

ಕೇಳುವವರು ಯಾರು? ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಲ್ಲಿನ ಮುಂಚೂಣಿ ಪಾಡ್‌ಕಾಸ್ಟ್‌ಗಳಲ್ಲಿ ಶೇ 24ರಷ್ಟು ಟ್ರೂ ಕ್ರೈಂ. ಬೇರೆ ಯಾವ ವಿಷಯಕ್ಕೂ ಅಷ್ಟು ಪಾಲಿಲ್ಲ. ಪಾಡ್‌ಕಾಸ್ಟ್ ಕೇಳುವ ಹೆಂಗಸರಲ್ಲಿ ಶೇ 44 ಮಂದಿ ಇವನ್ನು ನಿಯಮಿತವಾಗಿ ಕೇಳುತ್ತಾರೆ, ಗಂಡಸರಲ್ಲಿ ಶೇ 23. ರಕ್ತದ ಕಥೆ ಗಂಡಸರ ರುಚಿ ಎಂದುಕೊಂಡವರಿಗೆ ಇದು ಅಚ್ಚರಿ. ಮನಃಶಾಸ್ತ್ರಜ್ಞರಾದ ಅಮಾಂಡಾ ವಿಕರಿ ಮತ್ತು ಕ್ರಿಸ್ ಫ್ರೇಲಿ 2010ರಲ್ಲೇ ಇದರ ಹಿಂದೆ ಬಿದ್ದಿದ್ದರು. ಬದುಕುಳಿಯುವ ಉಪಾಯವೇನಾದರೂ ಸಿಗುವ ಕಥೆಗಳತ್ತ ಹೆಂಗಸರು ಹೆಚ್ಚು ಒಲಿಯುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲಿ ಒಂದು. ಅಂದರೆ ಇದು ಬರೀ ಕುತೂಹಲವಲ್ಲ, ಒಂದು ಬಗೆಯ ತಾಲೀಮು. ರಾತ್ರಿ ಒಂಬತ್ತಕ್ಕೆ ಲೈಬ್ರರಿಯಿಂದ ಪಿಜಿಗೆ ಒಬ್ಬಳೇ ನಡೆದು ಬರುವ ಹುಡುಗಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ತೊಡಕೆಂದರೆ ತಾಲೀಮು ಒಂದು ಅಪಾಯಕ್ಕೆ, ಬದುಕಿನಲ್ಲಿ ಎದುರಾಗುವುದು ಇನ್ನೊಂದು. ಪಾಡ್‌ಕಾಸ್ಟ್‌ಗಳು ಆರಿಸಿಕೊಳ್ಳುವುದು ಅಪರಿಚಿತ ಹಂತಕನನ್ನು, ಸರಣಿ ಕೊಲೆಗಾರನನ್ನು, ನಿಗೂಢವಾಗಿ ಕಾಣೆಯಾದವರನ್ನು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅವುಗಳಲ್ಲಿ 9,962ಕ್ಕೆ ಕಾರಣ ಜಗಳ, ವ್ಯಾಜ್ಯ. 3,761ಕ್ಕೆ ವೈಯಕ್ತಿಕ ದ್ವೇಷ. ಜಮೀನಿನ ಬದು, ಕುಡಿತದ ಮೇಲಿನ ಮಾತು, ಅಣ್ಣತಮ್ಮಂದಿರ ಪಾಲು: ಇವೇ ನಮ್ಮ ಕೊಲೆಗಳು. ಇವುಗಳ ಮೇಲೆ ಎಂಟು ಕಂತು ಮಾಡಿದರೆ ಯಾರು ಕೇಳುತ್ತಾರೆ? ಅತ್ಯಾಚಾರ ಪ್ರಕರಣಗಳಲ್ಲಂತೂ ಶೇ 90ಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಪರಿಚಿತರೇ ಆಗಿರುತ್ತಾರೆ. ಕತ್ತಲ ಓಣಿಯ ಅಪರಿಚಿತನಿಗೆ ಹೆದರಲು ಕಲಿತವಳು ಪರಿಚಿತನ ಬೈಕ್ ಹತ್ತುವಾಗ ನಿರಾಳವಾಗಿರುತ್ತಾಳೆ. ಅದೇ ವರ್ಷ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಕೊಲೆಗಳ ಸುಮಾರು ಆರು ಪಟ್ಟು. ಹೆಲ್ಮೆಟ್ ಬಗ್ಗೆ ಟ್ರೂ ಕ್ರೈಂ ಯಾರೂ ಮಾಡಿಲ್ಲ, ಮಾಡುವುದೂ ಇಲ್ಲ. ಹಿಂಸೆಯ ದೃಶ್ಯಗಳನ್ನು ಟಿವಿಯಲ್ಲಿ ಹೆಚ್ಚು ನೋಡುವವರಿಗೆ ಜಗತ್ತು ಇರುವುದಕ್ಕಿಂತ ಕ್ರೂರವಾಗಿ ಕಾಣುತ್ತದೆ ಎಂದು ಸಂವಹನ ತಜ್ಞ ಜಾರ್ಜ್ ಗರ್ಬ್‌ನರ್ ದಶಕಗಳ ಹಿಂದೆ ಹೇಳಿದ್ದರು. ಆಗ ಟಿವಿ ಹಜಾರದಲ್ಲಿತ್ತು, ಮನೆಮಂದಿಯೆಲ್ಲ ಕೂತಿರುತ್ತಿದ್ದರು. ಈಗ ಅದು ದಿಂಬಿನ ಮೇಲೆ, ದೀಪ ಆರಿಸಿದ ಮೇಲೆ, ಒಬ್ಬೊಬ್ಬರ ಕಿವಿಯಲ್ಲಿ.

ಓದುತ್ತಾ ಕೇಳುತ್ತೇನೆ ಎನ್ನುವವರಿಗೆ ಒಂದೇ ಮಾತು: ಬಟ್ಟೆ ಒಗೆಯುತ್ತಾ ಕೇಳಿ, ಬಸ್ಸಿನಲ್ಲಿ ಕೇಳಿ. ಅರ್ಥವಾಗುವ ಮಾತು ಕಿವಿಗೆ ಬೀಳುತ್ತಿದ್ದರೆ ಓದಿದ್ದನ್ನು ನೆನಪಿಡುವುದು ಕಷ್ಟವಾಗುತ್ತದೆ ಎಂಬುದು ಮನಃಶಾಸ್ತ್ರದಲ್ಲಿ ಮತ್ತೆ ಮತ್ತೆ ಪರೀಕ್ಷೆಯಾದ ಸಂಗತಿ.

ಒಳ್ಳೆಯದೂ ಆಗಿದೆ, ಸಣ್ಣ ಪ್ರಮಾಣದಲ್ಲೇನೂ ಅಲ್ಲ. ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ವ್ಯಕ್ತಿಯನ್ನು 1996ರ ಅಂಗಡಿ ಕೊಲೆಗಳಿಗಾಗಿ ಒಬ್ಬನೇ ಪ್ರಾಸಿಕ್ಯೂಟರ್ (ಸರ್ಕಾರದ ಪರ ವಕೀಲ) ಆರು ಸಲ ವಿಚಾರಣೆಗೆ ಗುರಿಪಡಿಸಿದ್ದ. 'ಇನ್ ದ ಡಾರ್ಕ್' ಪಾಡ್‌ಕಾಸ್ಟ್ ತಂಡ ಆ ಪ್ರದೇಶದಲ್ಲಿ ಬೀಡುಬಿಟ್ಟು, ಕಾಲು ಶತಮಾನದ ಕೋರ್ಟ್ ಕಡತಗಳನ್ನು ಕೆದಕಿ, ಆತನ ಕಚೇರಿ ಜ್ಯೂರಿಗೆ (ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ಜನಸಾಮಾನ್ಯರ ತಂಡಕ್ಕೆ) ಬರಬೇಕಾದ ಕಪ್ಪು ಜನರನ್ನು ಬಿಳಿಯರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಹೊರಗಿಟ್ಟಿತ್ತು ಎಂದು ಅಂಕಿ ಸಮೇತ ತೋರಿಸಿತು. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು, 2020ರಲ್ಲಿ ಆರೋಪಗಳು ಬಿದ್ದುಹೋದವು. ಕ್ಯಾಲ್ ಪಾಲಿ ಪ್ರಕರಣದಲ್ಲಿ ಕ್ರಿಸ್ ಲ್ಯಾಂಬರ್ಟ್ ಎಂಬ ಸಂಗೀತಗಾರ 2019ರಲ್ಲಿ ಶುರು ಮಾಡಿದ ಪಾಡ್‌ಕಾಸ್ಟ್ ಕೇಳಿ ಹೊಸ ಸಾಕ್ಷಿಗಳು ಮುಂದೆ ಬಂದರು. ಆ ರಾತ್ರಿ ಅವಳ ಜೊತೆ ನಡೆದುಹೋಗಿದ್ದ ಸಹಪಾಠಿ 2021ರಲ್ಲಿ ಬಂಧಿತನಾಗಿ ಮುಂದಿನ ವರ್ಷ ಅಪರಾಧಿ ಎಂದು ಸಾಬೀತಾಯಿತು. ಎರಡೂ ಕಡೆ ಗೆದ್ದದ್ದು ಊಹೆಯಲ್ಲ, ಕಡತ ಮತ್ತು ಕಾಲ್ನಡಿಗೆ.

ಆಸ್ಟ್ರೇಲಿಯಾದ 'ದ ಟೀಚರ್ಸ್ ಪೆಟ್' ಕಥೆ ಇನ್ನೂ ಜಟಿಲ. 1982ರಲ್ಲಿ ಕಾಣೆಯಾದ ಲಿನೆಟ್ ಡಾಸನ್ ಕುರಿತ ಈ ಪಾಡ್‌ಕಾಸ್ಟ್ 2018ರಲ್ಲಿ ಬಂದು ದೇಶವನ್ನೇ ಕಲಕಿತು; ಅದೇ ವರ್ಷ ಗಂಡನ ಬಂಧನವಾಯಿತು. ಆಮೇಲೆ ನ್ಯಾಯಾಲಯಕ್ಕೆ ಎದುರಾದದ್ದು ವಿಚಿತ್ರ ಸಮಸ್ಯೆ: ಇದನ್ನು ಕೇಳಿರದ ಜ್ಯೂರಿಯನ್ನು ತರುವುದು ಎಲ್ಲಿಂದ? 2019ರಲ್ಲಿ ಆಸ್ಟ್ರೇಲಿಯಾದೊಳಗೆ ಪಾಡ್‌ಕಾಸ್ಟನ್ನೇ ತೆಗೆದುಹಾಕಲಾಯಿತು, ವಿಚಾರಣೆ ಮುಂದಕ್ಕೆ ಹೋಯಿತು, ಕೊನೆಗೆ ಜ್ಯೂರಿಯಿಲ್ಲದೆ ನ್ಯಾಯಾಧೀಶರೊಬ್ಬರೇ ಆಲಿಸಿ 2022ರಲ್ಲಿ ಗಂಡನನ್ನು ಅಪರಾಧಿ ಎಂದರು. ಕೇಸಿಗೆ ಮರುಜೀವ ಕೊಟ್ಟ ಪಾಡ್‌ಕಾಸ್ಟೇ ಅದನ್ನು ಮುಳುಗಿಸುವ ಅಂಚಿಗೂ ಒಯ್ದಿತ್ತು.

ಕೇಳುಗರೇ ಪತ್ತೇದಾರರಾದಾಗ ಏನಾಗುತ್ತದೆ ಎಂಬುದಕ್ಕೆ ಐಡಹೊ ಸಾಕು. ಕೊಲೆಯಾದ ಕೆಲವೇ ವಾರಗಳಲ್ಲಿ ಟಿಕ್‌ಟಾಕ್‌ನಲ್ಲಿ ಟ್ಯಾರೊ ಕಾರ್ಡ್ ಓದಿ ಭವಿಷ್ಯ ಹೇಳುವ ಹೆಂಗಸೊಬ್ಬಳು ಅದೇ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕಿಯೊಬ್ಬರೇ ಇದನ್ನೆಲ್ಲ ಮಾಡಿಸಿದ್ದು ಎಂದು ವಿಡಿಯೊ ಮೇಲೆ ವಿಡಿಯೊ ಹಾಕಿದಳು. ಆಧಾರ? ಇಸ್ಪೀಟಿನಂಥ ಎಲೆಗಳು. ಪ್ರಾಧ್ಯಾಪಕಿ ಮಾನನಷ್ಟ ಮೊಕದ್ದಮೆ ಹೂಡಬೇಕಾಯಿತು. 2024ರಲ್ಲಿ ನ್ಯಾಯಾಲಯ ಅವರ ಪರ ನಿಂತಿತು. ಅಷ್ಟರಲ್ಲಿ ಪೊಲೀಸರು ಡಿಎನ್‌ಎ, ಕಾರಿನ ದೃಶ್ಯ, ಫೋನ್ ದಾಖಲೆ ಹಿಡಿದು ಬ್ರಯನ್ ಕೋಬರ್ಗರ್ ಎಂಬಾತನನ್ನು ಬಂಧಿಸಿದ್ದರು. 2025ರ ಜುಲೈನಲ್ಲಿ ಆತ ತಪ್ಪೊಪ್ಪಿಕೊಂಡ, ನಾಲ್ಕು ಜೀವಾವಧಿ ಶಿಕ್ಷೆಯಾಯಿತು. ಆತ ಪಕ್ಕದ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ಪಿಎಚ್‌.ಡಿ ವಿದ್ಯಾರ್ಥಿಯಾಗಿದ್ದ. (ಇದನ್ನು ಹಿಡಿದು 'ನೋಡಿ, ಇಂಥದ್ದನ್ನು ಓದಿದರೆ ಹೀಗೇ' ಎಂದು ಯಾರಾದರೂ ಹೇಳಿದರೆ, ಉಳಿದ ಸಾವಿರಾರು ಅಪರಾಧಶಾಸ್ತ್ರದ ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆ ಎಂದು ಕೇಳಿ.)

ಕನ್ನಡಕ್ಕೆ ಈ ರುಚಿ ಹೊಸದಲ್ಲ. ಕ್ರೈಂ ಟ್ಯಾಬ್ಲಾಯ್ಡ್‌ಗಳನ್ನು ಬಸ್ ನಿಲ್ದಾಣದಲ್ಲಿ ಕೊಂಡು ಸೀಟಿನಡಿ ಮುಚ್ಚಿಟ್ಟುಕೊಂಡು ಓದಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆ ನಡೆಸಿಕೊಡುತ್ತಿದ್ದ 'ಕ್ರೈಂ ಡೈರಿ'ಯ ದನಿಯನ್ನು ಅನುಕರಿಸದ ಕಾಲೇಜು ವಾರ್ಷಿಕೋತ್ಸವ ಒಂದು ಕಾಲಕ್ಕೆ ಇರಲಿಲ್ಲವೇನೋ. ಇವತ್ತು ನಮ್ಮಲ್ಲಿ ಪಾಡ್‌ಕಾಸ್ಟ್ ಎಂದರೆ ಬಹುಪಾಲು ಯೂಟ್ಯೂಬ್: ಎರಡು ಮೈಕು, ಎದುರುಬದುರು ಕುರ್ಚಿ, ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಹಳೆಯ ಕೇಸು ಬಿಚ್ಚುತ್ತಾ ಹೋಗುತ್ತಾರೆ. ಕೇಳಲು ಬಲು ಸೊಗಸು, ಆ ಕಾಲದ ಊರು, ಠಾಣೆ, ಮಾತು ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆದರೆ ತನಿಖೆ ಮಾಡಿದವರೇ ಕಥೆ ಹೇಳುವಾಗ ಅಲ್ಲಿ ಪಾಟೀಸವಾಲು ಇರುವುದಿಲ್ಲ. 'ಎರಡೇಟು ಬಿಗಿದೆವು, ಬಾಯಿಬಿಟ್ಟ' ಎಂಬಂಥ ಮಾತಿಗೆ ನಿರೂಪಕರು ನಗುತ್ತಾರೆ, ಕೇಳುವವರೂ ನಗುತ್ತಾರೆ.

ಅಲ್ಲೇ ನಿಂತು ಯೋಚಿಸಬೇಕು. ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ನಮ್ಮ ಕಾನೂನು ಅವನ ವಿರುದ್ಧ ಸಾಕ್ಷ್ಯವೆಂದು ಒಪ್ಪುವುದಿಲ್ಲ. ಹಿಂದೆ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ಆ ಮಾತಿನಿಂದ ಸಿಕ್ಕ ವಸ್ತುವಿಗೆ, ಅಂದರೆ ಚಾಕು, ಬಟ್ಟೆ, ಶವದಂಥವಕ್ಕೆ, ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ವಿನಾಯಿತಿ. ಏಟಿಗೆ ಹೆದರಿ ಯಾರು ಏನು ಬೇಕಾದರೂ ಒಪ್ಪಿಕೊಂಡಾರು ಎಂಬ ಅನುಭವವೇ ಈ ನಿಯಮದ ಬೇರು. ಪಾಡ್‌ಕಾಸ್ಟಿನಲ್ಲಿ ಕಥೆ ಮುಗಿಯುವುದು 'ಬಾಯಿಬಿಟ್ಟ' ಎಂಬಲ್ಲಿ. ಕೋರ್ಟಿನಲ್ಲಿ ಕೆಲಸ ಶುರುವಾಗುವುದೇ ಅದಾದ ಮೇಲೆ: ಮಹಜರು (ಸ್ಥಳದಲ್ಲಿ ಕಂಡದ್ದರ, ವಶಪಡಿಸಿಕೊಂಡದ್ದರ ದಾಖಲೆ) ಎಲ್ಲಿ ಬರೆದರು, ಅದಕ್ಕೆ ಸಾಕ್ಷಿಗಳಾದ ಪಂಚರು ನಿಜವಾಗಿ ಸ್ಥಳದಲ್ಲಿದ್ದರೇ, ಠಾಣೆಯಲ್ಲೇ ಸಹಿ ಹಾಕಿಸಿದರೇ, ವಸ್ತು ಪ್ರಯೋಗಾಲಯಕ್ಕೆ ಹೋಗುವಾಗ ಮೊಹರು ಹಾಗೇ ಇತ್ತೇ. ಪಂಚರು ತಿರುಗಿಬಿದ್ದು ಬಿದ್ದುಹೋದ ಕೇಸುಗಳಿಗೆ ಲೆಕ್ಕವಿಲ್ಲ. ಕಣ್ಣಾರೆ ಕಂಡವರಿಲ್ಲದ ಕೇಸಿನಲ್ಲಿ ಸಾಂದರ್ಭಿಕ ಸಾಕ್ಷ್ಯದ ಸರಪಳಿ ಹೇಗಿರಬೇಕೆಂದು ಸುಪ್ರೀಂ ಕೋರ್ಟ್ 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಐದು ಸೂತ್ರಗಳನ್ನು ಹೇಳಿ ಅವನ್ನು 'ಪಂಚಶೀಲ' ಎಂದು ಕರೆಯಿತು. ಸಂಶಯ ಎಷ್ಟೇ ಬಲವಾಗಿದ್ದರೂ ಅದು ಪುರಾವೆಯ ಜಾಗಕ್ಕೆ ಬರಲಾರದು ಎಂಬುದು ಅದರ ತಿರುಳು. ಟ್ರೂ ಕ್ರೈಂ ನಿಂತಿರುವುದು ಬಲವಾದ ಸಂಶಯದ ಮೇಲೆ. ಹಾಗಾಗಿ ಇಯರ್‌ಫೋನ್ ತೆಗೆದವನಿಗೆ ಖುಲಾಸೆಯ ತೀರ್ಪೆಲ್ಲ 'ದುಡ್ಡು ಕೊಟ್ಟು ಬಚಾವಾದ' ಎಂದೇ ಕೇಳಿಸುತ್ತದೆ.

2025ರಲ್ಲಿ ಕನ್ನಡದ ಕಿವಿಗಳೆಲ್ಲ ಧರ್ಮಸ್ಥಳದ ಕಡೆಗಿದ್ದವು. 2012ರಲ್ಲಿ ನಡೆದ ಪಿಯು ವಿದ್ಯಾರ್ಥಿನಿಯೊಬ್ಬಳ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ಏಕೈಕ ಆರೋಪಿ 2023ರಲ್ಲಿ ಖುಲಾಸೆಯಾಗಿದ್ದ. 'ಹಾಗಾದರೆ ಯಾರು?' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಆ ಪ್ರಕರಣದ ಮೇಲಿನ ಯೂಟ್ಯೂಬ್ ವಿಡಿಯೊಗಳನ್ನು ಲಕ್ಷಾಂತರ ಜನ ನೋಡಿದರು, ಅವರಲ್ಲಿ ಕಾಲೇಜು ಹುಡುಗರು ಕಡಿಮೆಯಿರಲಿಲ್ಲ. ಜುಲೈನಲ್ಲಿ ಮಾಜಿ ಸ್ವಚ್ಛತಾ ಕಾರ್ಮಿಕನೊಬ್ಬ ಹಲವು ಶವಗಳನ್ನು ಹೂತಿದ್ದೇನೆ ಎಂದು ದೂರು ಕೊಟ್ಟ, ಸರ್ಕಾರ ವಿಶೇಷ ತನಿಖಾ ತಂಡವಾದ ಎಸ್‌ಐಟಿ ರಚಿಸಿತು, ಅಗೆತ ನಡೆಯಿತು. ಆಗಸ್ಟಿನಲ್ಲಿ ದೂರುದಾರನನ್ನೇ ಎಸ್‌ಐಟಿ ಬಂಧಿಸಿತು. ಒಂದೊಂದು ತಿರುವಿಗೂ ಎರಡೂ ಕಡೆಯವರು ತೀರ್ಪು ಬರೆದು ಮುಗಿಸಿದ್ದರು. ಪ್ರಶ್ನೆ ಕೇಳಿದ್ದು ತಪ್ಪಲ್ಲ. ಹೆಣ್ಣುಮಗಳೊಬ್ಬಳ ಕೊಲೆಗೆ ಹೊಣೆ ಯಾರೆಂದು ಹತ್ತು ವರ್ಷ ಕಳೆದರೂ ವ್ಯವಸ್ಥೆ ಹೇಳಲಾಗದಿದ್ದರೆ ಜನ ಕೇಳಲೇಬೇಕು. ಆದರೆ ಕೃತಕ ಬುದ್ಧಿಮತ್ತೆಯ ಚಿತ್ರಗಳಿಗೂ ಘಟನಾ ಸ್ಥಳದ ಚಿತ್ರಗಳಿಗೂ ವ್ಯತ್ಯಾಸವೇ ತಿಳಿಯದಂತೆ ಬೆರೆಸುವುದು ಪ್ರಶ್ನೆ ಕೇಳುವ ರೀತಿಯಲ್ಲ.

ಆ ವಿದ್ಯಾರ್ಥಿನಿಯ ಹೆಸರನ್ನು ನಾನಿಲ್ಲಿ ಬರೆದಿಲ್ಲ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಬಾಲಕಿಯಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯೂ ಸೇರುತ್ತದೆ. ಸಂತ್ರಸ್ತೆ ಬದುಕಿಲ್ಲ ಎಂಬುದು ನೆಪವಾಗಲಾರದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಸ್ಟೋರಿ ಹಾಕುವ, ಥ್ರೆಡ್ ಬರೆಯುವ ವಿದ್ಯಾರ್ಥಿಗೆ ಇದು ಬರೀ ನೀತಿಯ ಮಾತಲ್ಲ, ಪೊಲೀಸ್ ಕೇಸಿನ ಮಾತು. ವಿದೇಶಿ ಪಾಡ್‌ಕಾಸ್ಟ್ ಕೇಳಿ ಬೆಳೆದವರಿಗೆ ಇದು ಹೊಳೆಯುವುದೇ ಇಲ್ಲ. ಅಮೆರಿಕದಲ್ಲಿ ಇಂಥ ಅಡ್ಡಗೋಡೆಗಳು ಬಹಳ ಕಡಿಮೆ. ಅಲ್ಲಿ ನಡೆಯುವುದು ಇಲ್ಲೂ ನಡೆಯುತ್ತದೆ ಎಂದುಕೊಳ್ಳುತ್ತಾರೆ.

ಕನ್ನಡದಲ್ಲಿ ನಿಜಕ್ಕೂ ಒಂದು ಒಳ್ಳೆಯ ಟ್ರೂ ಕ್ರೈಂ ಮಾಡುವುದಾದರೆ ನಾನು ಆರಿಸುವುದು ಸಯನೈಡ್ ಮೋಹನನ ಪ್ರಕರಣವನ್ನು. 'ಅದು ಎಲ್ಲರಿಗೂ ಗೊತ್ತಲ್ಲ' ಎನ್ನುತ್ತೀರಿ. ಗೊತ್ತಿರುವುದು ಮೋಹನ ಮಾತ್ರ. ಬಂಟ್ವಾಳದ ಕಡೆಯ ಶಾಲಾ ಶಿಕ್ಷಕ, ವರದಕ್ಷಿಣೆ ಹೊಂದಿಸಲಾಗದ ಮನೆಗಳ ಹೆಣ್ಣುಮಕ್ಕಳಿಗೆ ಮದುವೆಯ ಮಾತು ಕೊಟ್ಟು ದೂರದ ಊರಿಗೆ ಕರೆದೊಯ್ಯುತ್ತಿದ್ದ, ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕ ಎಂದು ಸಯನೈಡ್ ಕೊಡುತ್ತಿದ್ದ, ಒಡವೆಯೊಂದಿಗೆ ಮರೆಯಾಗುತ್ತಿದ್ದ. 2003ರಿಂದ 2009ರ ನಡುವೆ ಇಪ್ಪತ್ತು ಮಹಿಳೆಯರು. ವಿಚಾರಣೆಯಲ್ಲಿ ತನ್ನ ವಾದ ತಾನೇ ಮಂಡಿಸಿದ ಎಂಬುದನ್ನೂ ಎಲ್ಲರೂ ಬಣ್ಣ ಕಟ್ಟಿ ಹೇಳುತ್ತಾರೆ.

ನನ್ನ ಪ್ರಶ್ನೆ ಬೇರೆ. ಹಾಸನ, ಮಡಿಕೇರಿ, ಮೈಸೂರಿನಂಥ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ರೇಷ್ಮೆ ಸೀರೆಯುಟ್ಟ ಅಪರಿಚಿತ ಹೆಂಗಸರ ಶವಗಳು ಆರು ವರ್ಷ ಸಿಗುತ್ತಲೇ ಇದ್ದವು. ಒಂದೊಂದು ಠಾಣೆಯೂ ಅಸಹಜ ಸಾವಿನ ವರದಿ (ಯುಡಿಆರ್) ಬರೆದುಕೊಂಡು ಕಡತ ಮುಚ್ಚಿತು. ಇನ್ನೊಂದು ಕಡೆ ದಕ್ಷಿಣ ಕನ್ನಡ, ಕಾಸರಗೋಡಿನ ಮನೆಗಳಲ್ಲಿ ಮಗಳು ಯಾರದೋ ಜೊತೆ ಓಡಿಹೋದಳೆಂದು ತಲೆ ತಗ್ಗಿಸಿ ಕೂತಿದ್ದರು. ಮಾನಕ್ಕೆ ಅಂಜಿ ಕೆಲವರು ದೂರನ್ನೇ ಕೊಡಲಿಲ್ಲ. ಕಾಣೆಯಾದವರ ಪಟ್ಟಿ ಮತ್ತು ಗುರುತು ಸಿಗದ ಶವಗಳ ಪಟ್ಟಿ ಎರಡೂ ಸರ್ಕಾರದ ಬಳಿಯೇ ಇದ್ದವು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿದವರಿರಲಿಲ್ಲ. ಕೊನೆಗೆ 2009ರಲ್ಲಿ ಒಬ್ಬಳು ಕಾಣೆಯಾದಾಗ ಊರವರು ಬೀದಿಗಿಳಿದರು, ಪೊಲೀಸರು ಫೋನ್ ಕರೆಗಳ ಜಾಡು ಹಿಡಿದರು. ಒಬ್ಬ ಕಾಣೆಯಾದವಳ ಕರೆ ಇನ್ನೊಬ್ಬ ಕಾಣೆಯಾದವಳ ಫೋನಿಗೆ ಕೊಂಡಿಯಾಯಿತು.

ಮಂಗಳೂರಿನ ನ್ಯಾಯಾಲಯ 2013ರಿಂದ 2020ರವರೆಗೆ ಇಪ್ಪತ್ತೂ ಪ್ರಕರಣಗಳಲ್ಲಿ ಅವನನ್ನು ಅಪರಾಧಿ ಎಂದಿತು. ನ್ಯಾಯಾಲಯಗಳ ತೀರ್ಪುಗಳು ಈಗ ಆನ್‌ಲೈನಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಸುಪ್ರೀಂ ಕೋರ್ಟಿನ ಎಷ್ಟೋ ತೀರ್ಪುಗಳು ಕನ್ನಡ ಅನುವಾದದಲ್ಲೂ ಇವೆ. ಪತ್ರಿಕೋದ್ಯಮದ ಅಥವಾ ಕಾನೂನಿನ ನಾಲ್ಕು ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಕೂತು ಆ ಯುಡಿಆರ್‌ಗಳ ದಿನಾಂಕಗಳನ್ನೂ ಕಾಣೆಯಾದವರ ದೂರುಗಳ ದಿನಾಂಕಗಳನ್ನೂ ಅಕ್ಕಪಕ್ಕ ಬರೆದು, ಯಾವ ಶವದ ಹೊತ್ತಿಗೆ ಇದು ಗೊತ್ತಾಗಬಹುದಿತ್ತು ಎಂದು ಲೆಕ್ಕ ಹಾಕಬಹುದು. ಸತ್ತವರ ಹೆಸರು, ಮನೆತನ ಎತ್ತದೆಯೇ ಆ ಕಂತನ್ನು ಮಾಡಬಹುದು. ಮೋಹನನ ಮನಸ್ಸಿನೊಳಗೆ ಏನಿತ್ತು ಎಂಬುದಕ್ಕೆ ಅದರಲ್ಲಿ ಒಂದು ನಿಮಿಷವೂ ಬೇಡ.